ಗುಂಡಣ್ಣನ ಅಡುಗೆಮನೆ, ನನ್ನ ಸೀತಾಫಲ

ಗುಂಡಣ್ಣ ಒಳ್ಳೆಯ ಅಡುಗೆಯವನೇನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವನ ಸಾರಿನಲ್ಲಿ ಒಂದು ದಿನ ಹುಳಿ ಮುಂದಾದರೆ ಇನ್ನೊಂದು ದಿನ ಉಪ್ಪು ಮುಂದು. ಆದರೂ ದೆಹಲಿಯ ಜನಕಪುರಿಯಲ್ಲಿರುವ ನಮ್ಮ ಕನ್ನಡ ಕೂಟದ ಹಬ್ಬದೂಟಗಳನ್ನು ಹನ್ನೆರಡು ವರ್ಷ ನಡೆಸಿಕೊಂಡು ಬಂದವನು ಅವನೇ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಮನೆ ದೂರದ ರೋಹಿಣಿ ಬಡಾವಣೆಯಲ್ಲಿ. ಊಟದ ದಿನ ಬೆಳಗಿನ ಮೊದಲ ಬಸ್ಸು ಹಿಡಿದು, ನಡುವೆ ಇನ್ನೊಂದು ಬದಲಿಸಿ, ಎಲ್ಲರಿಗಿಂತ ಮುಂಚೆ ಬಂದು ಒಲೆ ಒರೆಸುತ್ತಿದ್ದ.

ಅವನಿಗೊಂದು ಅಭ್ಯಾಸ. ಯಾವ ಕೆಲಸಕ್ಕೂ ಒಬ್ಬನೇ ಕೈ ಹಾಕುತ್ತಿರಲಿಲ್ಲ. ಅಕ್ಕಿ ತೊಳೆಯುವ ಮೊದಲು ಒಂದು ಸುತ್ತು, ಒಗ್ಗರಣೆಗೆ ಮೊದಲು ಇನ್ನೊಂದು ಸುತ್ತು, ಅಲ್ಲಿದ್ದ ಐದಾರು ಜನರನ್ನೂ ಕೇಳಬೇಕು. ಬಾಯಿ ಬಿಡದವರ ಮುಖ ನೋಡುತ್ತಿದ್ದ.

"ಸುಶೀಲಮ್ಮಾ, ಯಾಕೋ ಹುಬ್ಬು ಗಂಟಾಯ್ತಲ್ಲ?"

"ಏನಿಲ್ಲ ಬಿಡಿ. ಬೇಳೆ ಹಳೇದು. ಈಗ್ಲೇ ಇಡದಿದ್ರೆ ಒಂದು ಗಂಟೆಗೆ ಬೇಯಲ್ಲ."

"ನೋಡಿ, ಇಂಥದ್ದನ್ನ ಹೊಟ್ಟೇಲಿ ಇಟ್ಕೊಂಡು ಕೂತಿದ್ದೀರಿ! ಅದಿತಿ, ನೀನೇನಂತೀಯಮ್ಮ?"

ಸುಶೀಲಮ್ಮ ನಮ್ಮಲ್ಲಿ ಕೈರುಚಿ ಬಲ್ಲವರು, ಆದರೆ ಕೇಳದೆ ಮಾತಾಡುವವರಲ್ಲ. ಅದಿತಿ ಇಲ್ಲೇ ಹುಟ್ಟಿ ಬೆಳೆದ ಕಾಲೇಜು ಹುಡುಗಿ. ಕನ್ನಡ ಅರ್ಧ, ಹಿಂದಿ ಅರ್ಧ. ತರಕಾರಿ ಮಂಡಿಯವರ ಜೊತೆ ವ್ಯವಹಾರವೆಲ್ಲ ಅವಳದೇ.

ನನಗೆ ಈ ಕೇಳಾಟ ಮೈ ಉರಿಸುತ್ತಿತ್ತು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ದೆಹಲಿಗೆ ಬಂದು, ಲಿಫ್ಟು ನಡೆಸುವ ಕೆಲಸದಲ್ಲಿದ್ದುಕೊಂಡೇ ಇಂಗ್ಲಿಷು ಕಲಿತೆ, ನಿಘಂಟು ಇಟ್ಟುಕೊಂಡು ಹಿಂದಿ ಕಲಿತೆ, ಕಡೆಗೆ ದಾಖಲೆ ವಿಭಾಗದ ಮೇಲ್ವಿಚಾರಕನಾಗಿ ನಿವೃತ್ತನಾದೆ. ಯಾರನ್ನೂ ಕೇಳಿ ಕಲಿತವನಲ್ಲ. ಹತ್ತು ಜನ ಸೇರಿ ಹಾವು ಹೊಡೆದರೆ ಹಾವು ಸಾಯುವುದಿಲ್ಲ ಎಂದು ನಮ್ಮ ಕಡೆ ಹೇಳುತ್ತಾರೆ. ಉಪ್ಪು ಹಾಕಲೂ ಊರನ್ನು ಕೇಳುವವನು ಎಂಥ ಮುಂದಾಳು ಎಂದು ಗುಂಡಣ್ಣನ ಬೆನ್ನ ಹಿಂದೆ ಆಡಿಕೊಂಡವರಲ್ಲಿ ನಾನೇ ಮೊದಲಿಗ.

ಎರಡು ಸಾವಿರದ ಐದರ ರಾಜ್ಯೋತ್ಸವ ಬಂತು. ಕೂಟದ ಅಧ್ಯಕ್ಷ ಚಂದ್ರಮೋಹನರು ದೊಡ್ಡ ಅಧಿಕಾರಿ. ಅವರು ಸಭೆಯಲ್ಲಿ ಹೇಳಿದರು: "ಮುನ್ನೂರು ಜನ ಬರ್ತಾರೆ. ಈ ಸಲ ಊಟ ಸರಿಯಾಗಿ ಆದ್ರೆ ಅಡುಗೆಮನೆ ನಮ್ಮೋರ ಕೈಲೇ ಇರ್ಲಿ. ಇಲ್ಲಾಂದ್ರೆ ಮುಂದಿನ ಸಲದಿಂದ ಕೇಟರಿಂಗ್‌ನವರಿಗೆ ಕೊಟ್ಟುಬಿಡೋಣ."

ಗುಂಡಣ್ಣನ ಮುಖ ಸಣ್ಣಗಾಯಿತು. ಹೆಂಡತಿ ತೀರಿಕೊಂಡ ಮೇಲೆ ಆ ಅಡುಗೆಮನೆಯೊಂದೇ ಅವನು ನಗುತ್ತಿದ್ದ ಜಾಗ. ಇದು ನನಗೆ ಗೊತ್ತಿತ್ತು. ಅವನಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದು ನಾನು ಅವನನ್ನು ಪಕ್ಕಕ್ಕೆ ಕರೆದೆ.

"ಗುಂಡಣ್ಣ, ಈ ಸಲ ನನಗೆ ಬಿಡು. ಹೆಸರಿಗೆ ನೀನೇ ಇರು. ನಿನ್ನ ಪಂಚಾಯ್ತಿಕೆ ನೆಚ್ಚಿಕೊಂಡರೆ ಎಲೆ ಹಾಕೋದು ಸಾಯಂಕಾಲವೇ."

"ಆಗಲಿ ಬಸಪ್ಪಣ್ಣ. ನೀವು ಹೇಳಿದ ಕೆಲಸ ಮಾಡ್ಕೊಂಡಿರ್ತೀನಿ," ಎಂದ.

ಸಿಹಿಗೆ ಸೀತಾಫಲದ ಪಾಯಸ ಎಂದು ನಾನೇ ತೀರ್ಮಾನಿಸಿದೆ. ದೆಹಲಿಯ ಕನ್ನಡಿಗರು ಬೆರಳು ನೆಕ್ಕಬೇಕು ಎಂಬ ಹಟ. ಮಂಡಿಗೆ ಕಳಿಸುವ ಚೀಟಿಯನ್ನು ಒಳ್ಳೆಯ ಹಿಂದಿ ಅಕ್ಷರದಲ್ಲಿ ನಾನೇ ಬರೆದೆ: ಸೀತಾಫಲ್, ಅರವತ್ತು ಕಿಲೋ.

ಅದಿತಿ ಓದಿ ತಲೆ ಎತ್ತಿದಳು. "ತಾತಾ, ಲೇಕಿನ್ ಇಲ್ಲಿ ಸೀತಾಫಲ್ ಅಂದ್ರೆ..."

"ಮೊದಲು ನೆಟ್ಟಗೆ ಒಂದು ವಾಕ್ಯ ಕನ್ನಡ ಆಡೋದು ಕಲಿ. ಆಮೇಲೆ ನನಗೆ ಹಣ್ಣಿನ ಹೆಸರು ಹೇಳಿಕೊಡುವಿಯಂತೆ."

ಅವಳ ಕಿವಿ ಕೆಂಪಾಯಿತು. ಚೀಟಿ ಮಡಚಿಕೊಂಡು ಹೋದಳು. ಸುಶೀಲಮ್ಮ ಅಲ್ಲೇ ತೆಂಗಿನಕಾಯಿ ತುರಿಯುತ್ತಿದ್ದರು. ಅವರ ಕೈ ಒಂದು ಗಳಿಗೆ ನಿಂತಿತು. ನಾನು ಅದನ್ನು ಕಂಡೆ. ಕಂಡೂ ಕೇಳಲಿಲ್ಲ.

ಊಟದ ದಿನ ಬೆಳಿಗ್ಗೆ ಟೆಂಪೋ ಬಂತು. ಹಿಂಬಾಗಿಲು ತೆಗೆದರೆ ಒಳಗೆ ಕುಂಬಳಕಾಯಿ. ಹಳದಿ ಬಣ್ಣದ, ಮಗುವಿನ ಗಾತ್ರದ ಸಿಹಿ ಕುಂಬಳಕಾಯಿಗಳು.

"ಯೇ ಕ್ಯಾ ಹೈ?" ಎಂದು ಕೂಗಿದೆ.

"ಸೀತಾಫಲ್, ಅಂಕಲ್‌ಜೀ. ಸಾಠ್ ಕಿಲೋ. ತೋಲ್ ಲೀಜಿಯೇ," ಎಂದ ಟೆಂಪೋದವನು.

ನಮ್ಮ ಸೀತಾಫಲಕ್ಕೆ ದೆಹಲಿಯಲ್ಲಿ ಶರೀಫಾ ಎನ್ನುತ್ತಾರೆ. ಸೀತಾಫಲ್ ಎಂದರೆ ಇಲ್ಲಿ ಕುಂಬಳಕಾಯಿ. ತರಕಾರಿ ಕೊಳ್ಳಲು ಹೋಗುವ ಪ್ರತಿ ಹೆಂಗಸಿಗೂ ಅದು ಗೊತ್ತು. ನಲವತ್ತು ವರ್ಷ ದೆಹಲಿಯ ಅನ್ನ ಉಂಡ ನನಗೆ ಗೊತ್ತಿರಲಿಲ್ಲ, ಯಾಕೆಂದರೆ ನಾನು ಒಂದು ದಿನವೂ ಚೀಲ ಹಿಡಿದು ಸಂತೆಗೆ ಹೋದವನಲ್ಲ. ನನ್ನ ಹಿಂದಿ ನಿಘಂಟಿನ ಹಿಂದಿ.

ಆಗಲಾದರೂ ಬಾಯಿ ಮುಚ್ಚಿ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಅದಿತಿಯನ್ನು ಬೈದೆ, ಟೆಂಪೋದವನನ್ನು ಬೈದೆ, ಬೇರೆ ಇಬ್ಬರನ್ನು ಶರೀಫಾ ಹುಡುಕಲು ಕರೋಲ್ ಬಾಗಿನ ಪೇಟೆಗೆ ಓಡಿಸಿದೆ. ಅವರು ಎರಡು ಗಂಟೆ ಅಲೆದು ಕಲ್ಲಿನಂಥ ಕಾಯಿಗಳನ್ನು ತಂದರು. ಅಷ್ಟರಲ್ಲಿ ಒಲೆಯ ಮೇಲಿದ್ದ ನಲವತ್ತು ಲೀಟರ್ ಹಾಲು ತಳ ಹಿಡಿಯಿತು. ಅಲ್ಲಿದ್ದ ಎಲ್ಲರ ಮೂಗಿಗೂ ವಾಸನೆ ಬಂದಿತ್ತು. ಆದರೆ ಹೇಳದೆ ಯಾವುದನ್ನೂ ಮುಟ್ಟಬೇಡಿ ಎಂದು ಬೆಳಿಗ್ಗೆಯೇ ನಾನು ಗದರಿದ್ದೆ. ಹನ್ನೆರಡು ವರ್ಷ ಒಂದೇ ಮೈಯಂತೆ ಕೆಲಸ ಮಾಡಿದ ಜನ, ಅಪರಿಚಿತರ ಮನೆಗೆ ಬಂದವರಂತೆ ಗೋಡೆಗೆ ಒರಗಿ ನಿಂತಿದ್ದರು. ಗುಂಡಣ್ಣ ಹೊರಗಿನ ನಲ್ಲಿಯ ಹತ್ತಿರ ಸೌತೆಕಾಯಿ ಹೆಚ್ಚುತ್ತಿದ್ದ. ಅಲ್ಲಿ ಕೂರಿಸಿದವನೂ ನಾನೇ.

ಮೂರು ಗಂಟೆಗೆ ಎಲೆ ಹಾಕಿದೆವು, ಸಿಹಿಯಿಲ್ಲದೆ. ಅರ್ಧ ಜನ ಎದ್ದುಹೋಗಿದ್ದರು.

ಪಾತ್ರೆ ತೊಳೆಯುವಾಗ ಸುಶೀಲಮ್ಮ ನನ್ನ ಮುಖ ನೋಡದೆ ಹೇಳಿದರು: "ಕುಂಬಳಕಾಯೀಲೇ ಚೆನ್ನಾಗಿ ಪಾಯಸ ಆಗ್ತಿತ್ತು ಬಸಪ್ಪನೋರೆ. ನಮ್ಮತ್ತೆ ಮಾಡ್ತಿದ್ರು."

"ಹೇಳಬಾರದಿತ್ತೇ?"

"ಕೇಳಿದ್ರೆ ಹೇಳ್ತಿದ್ದೆ."

ಮರುದಿನ ಸಭೆ ಸೇರಿತು. ಅಡುಗೆಮನೆಯವರಲ್ಲಿ ಅಲ್ಲಿದ್ದವರು ಗುಂಡಣ್ಣ, ನಾನು ಇಬ್ಬರೇ. ಅಡುಗೆಮನೆಯ ಒಳಗಿನದು ಹೊರಗಿನವರಿಗೆ ತಿಳಿಯದು. ಹೆಸರು ಗುಂಡಣ್ಣನದು, ಪ್ರಶ್ನೆಯೂ ಅವನಿಗೇ ಬಿತ್ತು.

"ಏನ್ರೀ ಗುಂಡಣ್ಣ, ಶರೀಫಾ ಯಾವುದು ಸೀತಾಫಲ್ ಯಾವುದು ಅಂತ ಗೊತ್ತಾಗಲ್ವೇನ್ರೀ?" ಎಂದರು ಚಂದ್ರಮೋಹನರು. ಎಲ್ಲರೂ ನಕ್ಕರು.

ಗುಂಡಣ್ಣ ನನ್ನ ಕಡೆ ತಿರುಗಿದ. ಎಲ್ಲರ ಮುಖ ಓದುತ್ತಿದ್ದವನು ನನ್ನದನ್ನೂ ಓದಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಆ ಕಳ್ಳನಿಗಿಂತ ಕಡೆ. ಹೆಗಲನ್ನೂ ಮುಟ್ಟಿಕೊಳ್ಳದೆ ನೆಲ ನೋಡುತ್ತ ಕೂತೆ.

"ನಾನು ಗಮನ ಕೊಡಬೇಕಿತ್ತು ಸಾರ್. ತಪ್ಪಾಯ್ತು," ಎಂದ ಗುಂಡಣ್ಣ.

ಅಡುಗೆಮನೆಯ ಬೀಗದ ಕೈಯನ್ನು ಅವತ್ತೇ ಅವನಿಂದ ಇಸಿದುಕೊಂಡರು.

ಒಬ್ಬನ ತಲೆ ಎಷ್ಟು ದೊಡ್ಡದು ಎಂದು ಬದುಕೆಲ್ಲ ಅಳೆದುಕೊಂಡೇ ಬಂದವನು ನಾನು. ಅಲ್ಲಿದ್ದ ಆರು ತಲೆಗಳಲ್ಲಿ ಐದಕ್ಕೆ ಗೊತ್ತಿದ್ದ ಸಂಗತಿಯೊಂದು ಹೊರಗೆ ಬಾರದಂತೆ ಬಾಗಿಲಿಗೆ ಅಡ್ಡ ನಿಂತಿದ್ದು ಆರನೆಯ ತಲೆ. ಗುಂಡಣ್ಣನಿಗೆ ಅಡುಗೆ ಬರುತ್ತಿರಲಿಲ್ಲ, ನಿಜ. ಅಡುಗೆ ಬಲ್ಲವರ ಬಾಯಿ ತೆಗೆಸುವುದು ಬರುತ್ತಿತ್ತು. ಅದನ್ನು ನಾನು ಕೈಲಾಗದವನ ಲಕ್ಷಣ ಎಂದುಕೊಂಡಿದ್ದೆ.

ಐದು ತಿಂಗಳು ಅನ್ನ ರುಚಿಸಲಿಲ್ಲ. ಯುಗಾದಿಯ ದಿನ, ಊಟಕ್ಕೆ ಮೊದಲು ಸೇರಿದ ಸಭೆಯಲ್ಲಿ ಎದ್ದು ನಿಂತು ಹೇಳಿಯೇಬಿಟ್ಟೆ: "ಆ ಚೀಟಿ ಬರೆದದ್ದು ನಾನು. ಗುಂಡಣ್ಣನ ತಪ್ಪು ಎಳ್ಳಷ್ಟೂ ಇಲ್ಲ."

ಚಂದ್ರಮೋಹನರು ಕೈಮುಗಿದರು. "ಹಿರಿಯರು ಅಂದ್ರೆ ಹೀಗಿರಬೇಕು ನೋಡಿ! ಇನ್ನೊಬ್ಬರ ತಪ್ಪನ್ನ ತಮ್ಮ ಮೈಮೇಲೆ ಹಾಕ್ಕೊಳ್ತಾರೆ."

"ಇಲ್ಲ ಸಾರ್, ನಿಜವಾಗಿ ನಾನೇ..."

ಚಪ್ಪಾಳೆಯಲ್ಲಿ ನನ್ನ ಮಾತು ಮುಳುಗಿತು. ಸುಶೀಲಮ್ಮ ಮಾತ್ರ ಕೈ ತಟ್ಟಲಿಲ್ಲ. ಅದಿತಿ ಅವತ್ತು ಬಂದೇ ಇರಲಿಲ್ಲ.

ಹೊರಗೆ ಕೇಟರಿಂಗ್‌ನವರ ಊಟಕ್ಕೆ ಸಾಲು ನಿಂತಿತ್ತು. ಗುಂಡಣ್ಣ ತಟ್ಟೆ ಹಿಡಿದು ಸಾಲಿನಲ್ಲಿದ್ದ. ಅವನ ಹಿಂದೆ ಹೋಗಿ ನಿಂತೆ.

"ಹೇಳಿದೆ ಗುಂಡಣ್ಣ. ಯಾರೂ ನಂಬಲಿಲ್ಲ."

"ಕೇಳಿಸ್ತು ಬಸಪ್ಪಣ್ಣ," ಎಂದ. "ಅವತ್ತೇ ಹೇಳಿದ್ರೆ ನಂಬ್ತಿದ್ರು."

ಆ ಮಾತಿನಲ್ಲಿ ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಇರಲಿಲ್ಲ. ಅಷ್ಟರಲ್ಲಿ ಚಂದ್ರಮೋಹನರು ಬಂದು ನನ್ನ ರಟ್ಟೆ ಹಿಡಿದರು. "ಬನ್ನಿ ಬನ್ನಿ, ನೀವು ಸಾಲಲ್ಲಿ ನಿಲ್ಲೋದೇ? ಚಲಿಯೇ, ಹಿರಿಯರು ಮೊದಲು."

ಗುಂಡಣ್ಣ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಒಲ್ಲೆ ಎನ್ನದೆ ಅವನನ್ನು ದಾಟಿ ಮುಂದೆ ಹೋದೆ.