ಕಿವಿಗೆ ಮುಟ್ಟದ ಕೈ

ನಾನು ಓದು ಕಲಿತದ್ದು ತಮ್ಮನನ್ನು ಟೊಂಕದ ಮೇಲೆ ಕೂರಿಸಿಕೊಂಡು. ಇದನ್ನು ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಅವರು ಚೀಲ ಹೊತ್ತು ಶಾಲೆಗೆ ಹೋಗುತ್ತಾರೆ, ನಾನು ಕೂಸು ಹೊತ್ತು ಹೋದೆ. ಚೀಲ ಪಾಠದ ನಡುವೆ ಉಚ್ಚೆ ಹೊಯ್ಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಯಲಬುರ್ಗಾ ಕಡೆಯ ನಮ್ಮ ಹಳ್ಳಿಯಲ್ಲಿ, ನಿಜಾಮರ ಕಾಲದಲ್ಲಿ, ಶಾಲೆ ಎಂದರೆ ಹನುಮಪ್ಪನ ಗುಡಿಯ ಪಡಸಾಲೆ. ನಮ್ಮ ಮನೆ ಅದರ ಎದುರಿಗೇ. ಬೆಳಗಾದರೆ ಅಪ್ಪ ಅವ್ವ ಇಬ್ಬರೂ ಹೊಲಕ್ಕೆ ಹೋಗುತ್ತಿದ್ದರು. ಅಕ್ಕನನ್ನು ಗಂಗಾವತಿ ಕಡೆಯ ಹಳ್ಳಿಗೆ ಮದುವೆ ಮಾಡಿಕೊಟ್ಟಿದ್ದರು, ಬಂಡಿಯಲ್ಲಿ ಎರಡು ದಿನದ ಹಾದಿ. ಹೀಗಾಗಿ ಆಗಷ್ಟೇ ಹೆಜ್ಜೆ ಇಡಲು ಕಲಿಯುತ್ತಿದ್ದ ತಮ್ಮ ನನ್ನ ಪಾಲಿಗೆ ಬಂದ. ನನಗಾಗ ಏಳೋ ಎಂಟೋ ವರ್ಷ. ಅವನನ್ನು ಎತ್ತಿಕೊಂಡು ಪಡಸಾಲೆಯ ಕಂಬಕ್ಕೆ ಒರಗಿ ನಿಂತು, ಒಳಗಿನ ಹುಡುಗರು ಒದರುವ ಮಗ್ಗಿ ಕೇಳುವುದೇ ನನ್ನ ಆಟ. ಮರುವರ್ಷ ಒಂದು ದಿನ ಒಬ್ಬ ಹುಡುಗ ಏಳರ ಮಗ್ಗಿಯಲ್ಲಿ ಎಡವಿದ. ನಾನು ಹೊರಗಿನಿಂದಲೇ ತಿದ್ದಿದೆ. ಮಾಸ್ತರರು ಎದ್ದು ಬಂದರು.

"ಯಾರು ಕಲಿಸಿದ್ರು ನಿನಗ?"

"ನೀವ ಕಲಿಸೀರಿ. ಹೊರಗೂ ಕೇಳಸ್ತೈತ್ರಿ."

ಆ ಸಂಜೆ ಮಾಸ್ತರರು ಅಪ್ಪನನ್ನು ಕಂಡು, ಹುಡುಗಿಯನ್ನು ಒಳಗೆ ಕೂರಿಸುತ್ತೇನೆ, ಕೂಸೂ ಜೊತೆಗೇ ಇರಲಿ ಎಂದರು. ಅಪ್ಪ ಎಲೆ ಅಡಿಕೆ ಹಾಕಿಕೊಂಡು ವಿಚಾರ ಮಾಡಿದ.

"ಕೂಸು ಎಲ್ಲಿ ಆಡಸಿದ್ರೇನ್ರಿ, ಸಾಲ್ಯಾಗ ಆಡಸಲಿ. ಆದ್ರ ಒಂದ ಮಾತು. ನಾಳೆ ಇವನ್ನ ಸಾಲಿಗೆ ಹಾಕಿದ ಮ್ಯಾಲೆ ಅಕಿ ಹೊಲಕ್ಕ ಬರಬೇಕು."

ಅಪ್ಪ ಕೆಟ್ಟವನಲ್ಲ. ಕಳೆ ಕೀಳಲು ಕೈ ಬೇಕಿದ್ದವು, ಮನೆಯಲ್ಲಿ ಉಳಿದಿದ್ದ ಕೈ ನನ್ನವು. ಅವನು ಹೇಳಿದ್ದು ನ್ಯಾಯವೇ ಎಂದು ನನಗೂ ಅನ್ನಿಸಿತ್ತು. ಓದಿನ ರುಚಿ ಹತ್ತಿದ ಮೇಲೆ ಆ ನ್ಯಾಯ ಕಹಿಯಾಯಿತು.

ಮಕ್ಕಳನ್ನು ಶಾಲೆಗೆ ಸೇರಿಸಲು ಒಂದೇ ಅಳತೆ. ಹುಟ್ಟಿದ ದಿನ ಬರೆದಿಟ್ಟ ಮನೆ ಊರಲ್ಲಿ ಇರಲಿಲ್ಲ. ಹುಡುಗ ಬಲಗೈಯನ್ನು ನಡುನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಶಾಲೆ, ಮುಟ್ಟದಿದ್ದರೆ ಮನೆ. ಅಲ್ಲಿಗೆ ನನ್ನ ಓದಿನ ಗಡುವು ತಮ್ಮನ ತೋಳಿನಲ್ಲಿತ್ತು.

ಜುಮ್ಮಾ ಎಂದು ಶುಕ್ರವಾರ ಸೂಟಿ, ಆದ್ದರಿಂದ ನಮ್ಮ ವಾರ ಶನಿವಾರ ಶುರುವಾಗುತ್ತಿತ್ತು. ಬೆಳಿಗ್ಗೆ ದೊರೆಗೆ ಆಯುಷ್ಯ ಬೇಡುವ ಉರ್ದು ಪ್ರಾರ್ಥನೆ. ಅರ್ಥ ಒಬ್ಬರಿಗೂ ತಿಳಿಯದು, ಆದರೆ ಗಂಟಲು ಹರಿಯುವಂತೆ ಹಾಡುತ್ತಿದ್ದೆವು. ಆಮೇಲೆ ಹಾಜರಿ. ತಮ್ಮನಿಗೆ ಮೊದಲು ಬಂದ ಮಾತು ಅವ್ವ ಅಲ್ಲ, ಅಪ್ಪ ಅಲ್ಲ, 'ಹಾಜರ್'. ಯಾರ ಹೆಸರು ಕರೆದರೂ ಅವನೇ 'ಹಾಜರ್' ಅನ್ನುತ್ತಿದ್ದ. ಜ್ವರ ಬಂದು ಮನೆಯಲ್ಲಿ ಮಲಗಿದವನೂ ಹಾಜರಾಗಿಬಿಡುತ್ತಿದ್ದ, ಮಾಸ್ತರರು ಕನ್ನಡಕ ಏರಿಸಿ ತಲೆ ಎಣಿಸಬೇಕಾಗುತ್ತಿತ್ತು.

ನಾಲ್ಕು ಇಯತ್ತೆಗಳಿಗೆ ನಾಲ್ಕು ಮೂಲೆ, ಮಾಸ್ತರರು ಒಬ್ಬರೇ. ಒಂದು ಮೂಲೆಯಲ್ಲಿ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರೆ ಇನ್ನೊಂದರಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿ. ಉರ್ದು ಅಕ್ಷರ ನನಗೆ ಭಾಳ ಸೇರುತ್ತಿದ್ದವು. ಬಲದಿಂದ ಎಡಕ್ಕೆ ಚುಕ್ಕಿ ಇಡುತ್ತ ಹೋಗುವುದು ರಂಗೋಲಿ ಹಾಕಿದಂತೆಯೇ ಇತ್ತು. ಮಂಗಳವಾರ ಪಕ್ಕದೂರಿನ ಸಂತೆ, ಅವತ್ತು ಮಧ್ಯಾಹ್ನ ಮಾಸ್ತರರು ದೊಡ್ಡ ಹುಡುಗರ ಕೈಗೆ ನಮ್ಮನ್ನು ಒಪ್ಪಿಸಿ ಹೋಗುತ್ತಿದ್ದರು. ಮಾಸ್ತರರು ಎಂದೂ ಹೊಡೆದವರಲ್ಲ. ಅವರ ಪಾಲಿನದನ್ನೂ ಸೇರಿಸಿ ಆ ಹುಡುಗರು ಹೊಡೆಯುತ್ತಿದ್ದರು. ಕಂಕುಳಲ್ಲಿ ಕೂಸಿದ್ದ ನನಗೆ ಮಾತ್ರ ಏಟು ಬೀಳುತ್ತಿರಲಿಲ್ಲ, ಒಮ್ಮೆ ಬಿದ್ದಾಗ ತಮ್ಮ ಹೊಡೆದವನ ಬೆರಳು ಕಚ್ಚಿದ್ದ.

ಬುಧವಾರ ನಾನು ಕಣ್ಣು ಕೀಲಿಸಿ ನೋಡುತ್ತಿದ್ದುದು ನಾಲ್ಕನೆಯ ಇಯತ್ತೆಯ ಮೂಲೆಯನ್ನು. ಕಾಗದ ಬರೆಯುವ ಪಾಠ ಅವರಿಗಷ್ಟೇ. ಯಾರಿಗೆ ಹೇಗೆ ನಮಸ್ಕಾರ ಬರೆಯಬೇಕು, ಇತ್ತ ಕ್ಷೇಮ ಎಂದು ಎಲ್ಲಿ ಬರೆಯಬೇಕು, ವಿಳಾಸ ಎಲ್ಲಿ, ಎಲ್ಲವನ್ನೂ ಹೇಳಿಕೊಡುತ್ತಿದ್ದರು. ನನಗೆ ಅದೊಂದು ಬೇಕಿತ್ತು. ಅಕ್ಕನ ಊರಿನಿಂದ ವರ್ಷಕ್ಕೆ ಒಂದೋ ಎರಡೋ ಕಾಗದ ಬರುತ್ತಿದ್ದವು. ಅಪ್ಪ ಅವನ್ನು ಚಾವಡಿಗೆ ಒಯ್ದು ಊರ ಲೆಕ್ಕ ಬರೆಯುವ ಕುಲಕರ್ಣಿಯವರಿಂದ ಓದಿಸುತ್ತಿದ್ದ. ಅವ್ವ ಸೆರಗು ಹೊದ್ದು ಗೋಡೆಯ ಮರೆಗೆ ನಿಂತು ಕೇಳುತ್ತಿದ್ದಳು. ತಿರುಗಿ ಬರೆಸುವಾಗ ಅಪ್ಪ ಮಳೆ, ಬೆಳೆ, ದನ ಎಲ್ಲ ಹೇಳುತ್ತಿದ್ದ. ಅವ್ವನ ಮಾತು ಒಂದೂ ಹೋಗುತ್ತಿರಲಿಲ್ಲ. ಹತ್ತು ಜನ ಗಂಡಸರ ಎದುರು ನಿಂತು ಮಗಳಿಗೆ ಹೊಟ್ಟೆತುಂಬ ಅನ್ನ ಹಾಕುತ್ತಾರೋ ಇಲ್ಲವೋ ಎಂದು ಯಾವ ತಾಯಿ ಕೇಳಿಸಿಯಾಳು? ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ಕಟ್ಟಿದವನು ಗಂಡಸೇ ಇರಬೇಕು. ಅವ್ವನ ಪರವಾಗಿ ಅಕ್ಕನಿಗೆ ಒಂದು ಕಾಗದ ಬರೆಯಬೇಕು, ಅದಕ್ಕೆ ನಾಲ್ಕನೆಯ ಇಯತ್ತೆ ಮುಟ್ಟಬೇಕು, ಅಲ್ಲಿಯವರೆಗೆ ತಮ್ಮನ ಕೈ ಕಿವಿ ಮುಟ್ಟಬಾರದು. ನನ್ನ ಹರಕೆ ಇಷ್ಟೇ.

ಆ ಹರಕೆಗೆ ವಾರವಾರ ಪರೀಕ್ಷೆ ಇತ್ತು. ಗುರುವಾರ ಮಧ್ಯಾಹ್ನ ಪಡಸಾಲೆ ಸಾರಿಸುವ ದಿನ. ಮೊದಮೊದಲು ಹುಡುಗರು ಇದು ಹೆಣ್ಣುಮಕ್ಕಳ ಕೆಲಸ ಎಂದು ಮೂಗು ಮುರಿದರು, ಹೆಣ್ಣುಮಕ್ಕಳು ನಾವಿದ್ದದ್ದು ಮೂವರು. ಮಾಸ್ತರರು ಧೋತರ ಮೇಲೆ ಕಟ್ಟಿ, ಬುಟ್ಟಿಗೆ ಕೈ ಹಾಕಿ, ಮೊದಲ ಹಿಡಿ ಸಗಣಿ ತಾವೇ ಎತ್ತಿಕೊಂಡರು.

"ಕೂಡೂದು ನೀವ, ಸಾರಸೂದೂ ನೀವ. ಬರ್ರಿ," ಎಂದರು.

ಅವತ್ತಿನಿಂದ ಮೂಗು ಮುರಿಯುವವರು ಉಳಿಯಲಿಲ್ಲ. ನೆಲ ಒಣಗುವ ತನಕ ಬೇವಿನ ಮರದ ಕೆಳಗೆ ಕೂತು ಬರೆಯುವ ಪಾಟಿಗೆ ಇದ್ದಲಿ ಹಚ್ಚಿ ಉಜ್ಜುತ್ತಿದ್ದೆವು. ಆಗ ಮಾಸ್ತರರಿಗೆ ತಮಾಷೆಯ ಹೊತ್ತು. ನನ್ನಂತೆ ಮೂರ್ನಾಲ್ಕು ಮಂದಿ ತಮ್ಮ ತಂಗಿಯರನ್ನು ಕರೆತರುತ್ತಿದ್ದರು. ಮಾಸ್ತರರು ಆ ಚಿಳ್ಳೆಪಿಳ್ಳೆಗಳನ್ನು ಸಾಲಾಗಿ ನಿಲ್ಲಿಸಿ, "ಕೈ ನೋಡೂಣು," ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನು ತಮ್ಮನ ಬೆರಳನ್ನೇ ನೋಡುತ್ತಿದ್ದೆ. ಮೊದಲ ವರ್ಷ ತಮ್ಮನ ಕೈ ನೆತ್ತಿಗೇ ನಿಂತಿತು. ಎರಡು ವರ್ಷ ಕಳೆದು ನೆತ್ತಿ ದಾಟಿತು. ನಾನು ಮೂರನೆಯ ಇಯತ್ತೆ ಮುಗಿಸುವ ಹೊತ್ತಿಗೆ ಅದು ಕಿವಿಯ ಮೇಲಿನ ಕೂದಲಿಗೆ ಬಂದಿತ್ತು. ಜೋಳದ ರೊಟ್ಟಿ ತಿಂದು ಕೈಕಾಲು ಉದ್ದುದ್ದ ಬಿಡುತ್ತಿದ್ದ, ಏನು ಮಾಡಲಿ.

ಶ್ರಾವಣ ಕಳೆದ ಮೇಲೆ ನಾನು ಶುಕ್ರವಾರಗಳಂದು ಅವನನ್ನು ಹಿತ್ತಲಿಗೆ ಕರೆದೊಯ್ದು ಪಾಠ ಹೇಳತೊಡಗಿದೆ.

"ಕೈ ಇಲ್ಲಿಗೆ ನಿಂದರಸು. ಮುಂದ ಒಯ್ಯಬ್ಯಾಡ. ಮಾಸ್ತರ್ರು ಕೇಳಿದ್ರ ಬರೂದಿಲ್ರಿ ಅನ್ನು."

ಹೇಳಿದಂತೆ ಮಾಡಿದರೆ ಒಂದು ಹಿಡಿ ಹುರಿದ ಶೇಂಗಾ. ಶೇಂಗಾ ನನ್ನ ಪಾಲಿನದು. ತಮ್ಮನಿಗೆ ಬೆಳೆಯಬೇಡ ಎಂದು ಲಂಚ ಕೊಟ್ಟ ಅಕ್ಕ ಆ ಸೀಮೆಗೆ ನಾನೊಬ್ಬಳೇ ಇರಬೇಕು. ಅದನ್ನು ನೆನೆದರೆ ಈಗಲೂ ನಾಚಿಕೆ ಆಗುತ್ತದೆ. ಒಂದು ಶುಕ್ರವಾರ ತಿರುಗಿ ನೋಡಿದರೆ ಅವ್ವ ಮೊರ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. "ಜ್ವಾಳ ಹಸನ ಮಾಡಾಕ ಬಾ," ಎಂದಷ್ಟೇ ಹೇಳಿ ಒಳಗೆ ಹೋದಳು.

ಹೊಸ ಮಕ್ಕಳನ್ನು ಸೇರಿಸುತ್ತಿದ್ದುದು ದಸರೆಯ ಬನ್ನಿ ಹಬ್ಬದ ದಿನ. ಅವತ್ತು ಅವ್ವ ತಮ್ಮನಿಗೆ ಎಣ್ಣೆ ಹಚ್ಚಿ ಎರೆದು, ಅಂಗಿ ತೊಡಿಸಿ, ಒಳಗಿನ ಕೋಣೆಗೆ ಕರೆದೊಯ್ದು ತಲೆಗೆ ಅಪ್ಪನ ಕೆಂಪು ಪಟಗಾ ಸುತ್ತಿ ತಂದಳು. ಪಟಗಾದ ಕೆಳಗೆ ಹುಡುಗ ಎಲ್ಲಿದ್ದಾನೆಂದು ಹುಡುಕಬೇಕು, ಹಾಗಿತ್ತು.

"ಏನಿದು, ಮದಿಮಗನ್ನ ಮಾಡಿಯಲ್ಲ," ಎಂದು ಅಪ್ಪ ನಕ್ಕ.

"ಸಾಲಿಗೆ ಹಾಕೂದಂದ್ರ ಲಗ್ನಕ್ಕಿಂತ ಕಡಿಮಿ ಏನು," ಎಂದಳು ಅವ್ವ.

ನನಗೆ ನಗುವ ಶಕ್ತಿ ಇರಲಿಲ್ಲ. ಮೂರು ಬಾರಿ ತಮ್ಮನ ಕಿವಿಯಲ್ಲಿ ಪಾಠ ಊದಿದೆ, ಮೂರು ಬಾರಿಯೂ ಹೂಂ ಅಂದ.

ಪಡಸಾಲೆಯಲ್ಲಿ ಪುಸ್ತಕ ಪೂಜೆ ಆಗಿತ್ತು. ಮಾಸ್ತರರ ಮುಂದೆ ದೊಡ್ಡ ಪರಾತದ ತುಂಬ ಜೋಳದ ಅಳ್ಳು, ಬೆಲ್ಲ. ಕಿವಿ ಮುಟ್ಟಿದವರಿಗೆ ಒಂದು ಬೊಗಸೆ. ಬೆಲ್ಲ ನೋಡಿದ್ದೇ ತಡ, ನನ್ನ ಶೇಂಗಾ ಎಲ್ಲ ದಂಡವಾಯಿತು. ತಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾಲಿಗೆ ಹೊರಗೆ ಚಾಚಿ, ತುದಿಗಾಲಲ್ಲಿ ನಿಂತು, ಮೈಯಲ್ಲಿದ್ದ ಬಲವನ್ನೆಲ್ಲ ತೋಳಿಗೆ ತಂದು ಕೈ ಎತ್ತಿದ. ನಾನು ಕಣ್ಣು ಮುಚ್ಚಿಕೊಂಡೆ.

ಕಣ್ಣು ತೆರೆದಾಗ ಅವನ ಬೆರಳು ಪಟಗಾದ ನೆತ್ತಿಯ ಆಚೆ ಇಳಿಯಲಾಗದೆ ಒದ್ದಾಡುತ್ತಿದ್ದವು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎಂದು ಅವನು ಗೋಳೋ ಎಂದು ಅತ್ತ.

"ಮೊನ್ನಿ ಕಿವಿ ತನಕ ಬಂದಿತ್ತಲ್ರಿ ಕೈ," ಎಂದ ಅಪ್ಪ. "ಪಟಗಾ ತಗದು ನೋಡ್ರಿ."

ಮಾಸ್ತರರು ಪಟಗಾ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಹಬ್ಬದ ದಿನ ತಾಯಿ ಸುತ್ತಿದ ಪಟಗಾ ಇಳಸಬಾರದ್ರಿ ಯಜಮಾನ್ರ. ಹುಡುಗ ಇನ್ನೂ ಸಣ್ಣಾವ ಅದಾನ. ಮುಂದಿನ ಬನ್ನಿಗೆ ನೋಡೂಣು," ಎಂದು ತಮ್ಮನ ಬೊಗಸೆ ತುಂಬ ಅಳ್ಳು ಬೆಲ್ಲ ಸುರಿದರು.

ಮನೆಗೆ ಬಂದು ಅಪ್ಪ ಎತ್ತು ಕಟ್ಟಲು ಹೋದ ಮೇಲೆ ಅವ್ವ ತಮ್ಮನನ್ನು ಹೊಸ್ತಿಲ ಮೇಲೆ ಕೂರಿಸಿ ಪಟಗಾ ಬಿಚ್ಚಿದಳು. ಸುತ್ತು ಸುತ್ತು ಬಿಚ್ಚಿದಂತೆ ಒಳಗಿನಿಂದ ನಾಲ್ಕು ಮಡಿಕೆಯ ಅವಳ ಹಳೇ ಕುಪ್ಪಸ ಬಂತು. ಅದರ ಕೆಳಗೆ ಕೌದಿಯ ಒಂದು ತುಂಡು. ಬರೀ ತಲೆಯ ಮೇಲೆ ತಮ್ಮ ಇನ್ನೊಮ್ಮೆ ಕೈ ಹಾಯಿಸಿದ. ಕಿವಿ ಪೂರಾ ಅವನ ಮುಷ್ಟಿಗೆ ಸಿಕ್ಕಿತು. ಅವ್ವ ನನ್ನ ಕಡೆ ನೋಡದೆ ಕುಪ್ಪಸ ಕೊಡವಿ ಮಡಚಿಟ್ಟಳು.

"ನಾಕನೇದರಾಗ ಕಾಗದ ಬರಿಯಾಕ ಕಲಸ್ತಾರಂತಲ್ಲ," ಎಂದಳು. "ಒಂದ ವರ್ಷ ನೋಡು ಮಗಳ. ಮುಂದಿನ ವರ್ಷ ಯಾವ ಪಟಗಾನೂ ಸಾಲೂದಿಲ್ಲ."

ನಾನು ಅವಳ ಮಡಿಲಲ್ಲಿ ತಲೆ ಇಟ್ಟು ಅತ್ತೆ. ಹಿತ್ತಲಲ್ಲಿ ನಾನು ಪಾಠ ಹೇಳಿದೆ, ಅಕ್ಷರ ಬಾರದ ಅವ್ವ ಅದರಲ್ಲಿ ಪಾಸಾದಳು.

ಆ ವರ್ಷ ಒಂದು ಬುಧವಾರವನ್ನೂ ನಾನು ಬಿಡಲಿಲ್ಲ. ಮುಂದಿನ ಬನ್ನಿಗೆ ತಮ್ಮ ಬರಿದಲೆಯಲ್ಲಿ ಹೋಗಿ ಕಿವಿ ಮುಟ್ಟಿ, ಬೆಲ್ಲ ತಿಂದು, ಮರಳಿನ ಮೂಲೆಯಲ್ಲಿ ಕೂತ. ಎರಡು ದಿನ ಬಿಟ್ಟು ಬೆಳಿಗ್ಗೆ ಅವ್ವ ಹೊಲಕ್ಕೆ ಹೊರಡುವ ಮೊದಲು ನನ್ನ ಮುಂದೆ ಒಂದು ಹಾಳೆ ಇಟ್ಟಳು. ನಾನು ಕಲಿತಂತೆ ನಮಸ್ಕಾರ, ಕ್ಷೇಮ ಎಂದು ಶುರು ಮಾಡಿದೆ. ಓದಿ ಹೇಳಿದರೆ ಅವ್ವ ತಲೆ ಅಲ್ಲಾಡಿಸಿದಳು.

"ಅದನ್ನ ಕುಲಕರ್ಣ್ಯಾರು ಬರೀತಾರ. ನೀ ನಾ ಹೇಳಿದ್ದು ಬರಿ."

ಉಂಡಿಯಾ, ನಿದ್ದೆ ಬರುತ್ತದಾ, ಅತ್ತೆ ಬೈದರೆ ಯಾರ ಮುಂದೆ ಅಳುತ್ತಿ, ಬಸುರಿ ಆದರೆ ಯಾರ ಕೈಲಾದರೂ ಹೇಳಿ ಕಳಿಸು, ಹೀಗೆ ಹೇಳುತ್ತ ಹೋದಳು. ಅಲ್ಲಿ ಓದುವವರು ಯಾರೋ ಗೊತ್ತಿಲ್ಲ, ಇಲ್ಲಿಂದಂತೂ ಅವ್ವನ ಮಾತು ಅವ್ವನ ಮಾತಾಗಿಯೇ ಹೊರಟಿತು. ಹಾಳೆ ತುಂಬಿ ಒಂದು ಸಾಲಿನ ಜಾಗ ಉಳಿಯಿತು.

"ಇನ್ನೇನು ಬರೀಲಿ ಅವ್ವ?"

ಎದುರಿನ ಪಡಸಾಲೆಯಲ್ಲಿ ಹಾಜರಿ ನಡೆದಿತ್ತು. ತಮ್ಮನ ದನಿ ಇಲ್ಲಿಗೂ ಕೇಳಿಸಿತು. ಈಗ ಅವನು ತನ್ನ ಹೆಸರಿಗೆ ಮಾತ್ರ ಹಾಜರ್ ಅನ್ನುತ್ತಿದ್ದ. ಅವ್ವ ಆ ಕಡೆ ತಿರುಗಿ ನೋಡಿದಳು.

"ತಮ್ಮನ ಕೈ ಕಿವಿ ಮುಟ್ಟೇತಿ ಅಂತ ಬರಿ."

ಬರೆದೆ. ಒಂದೂ ತಪ್ಪಾಗಲಿಲ್ಲ. ಆಮೇಲೆ ಕಳೆ ತೆಗೆಯುವ ಕುರುಪಿ ತಗೊಂಡು ಅವ್ವನ ಹಿಂದೆ ಹೊಲಕ್ಕೆ ಹೊರಟೆ.