ಆಯಿಲ್ ಸರಿ ಉಂಟು ಎಂದವನು ನಾನು

ಸುಧಾಕರಣ್ಣನ ಹೊಸ ಬೈಕಿನಲ್ಲಿ ಆಯಿಲ್ ಇಳಿದಿರುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಕಂಡೂ, ಸರಿ ಇದೆ ಎಂದು ಅವನಿಗೆ ಸುಳ್ಳು ಹೇಳಿದೆ. ಇಷ್ಟನ್ನು ಬಾಯಿಬಿಟ್ಟು ಹೇಳಲು ನನಗೆ ಒಂಬತ್ತು ವರ್ಷ ಬೇಕಾಯಿತು.

ಬೊರಿವಲಿಯ ಬಿಲ್ಡಿಂಗ್‌ನಲ್ಲಿ ನಮ್ಮದು ಎದುರುಬದುರು ಮನೆ. ಅವನು ಮಾಟುಂಗದ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದ. ಹೆಂಡತಿ ವಸಂತಿಯಕ್ಕ — ಅವಳ ಮಾತು ಕೇಳಿಯೇ ನಮ್ಮ ಮಹಡಿಗೆ ಬೆಳಗಾಗುತ್ತಿತ್ತು. ಹೊಸ ಇಂಜಿನ್ ಪಳಗುವ ತನಕ ವೇಗ ಐವತ್ತು ದಾಟಬಾರದು, ಅಲ್ಲಿಯವರೆಗೆ ಅದು ಸ್ವಲ್ಪ ಆಯಿಲ್ ಕುಡಿಯುತ್ತದೆ, ಆಗಾಗ ನೋಡುತ್ತಿರಬೇಕು ಎಂದು ಮೆಕ್ಯಾನಿಕ್ ಹೇಳಿದ್ದ. ಸುಧಾಕರಣ್ಣ ಅದನ್ನು ವ್ರತದಂತೆ ಪಾಲಿಸಿದ. ಹಿಂದಿನಿಂದ ರಿಕ್ಷಾದವರು ಬೈದರೂ ಅವನದು ನಲವತ್ತೇ.

ಅವನ ತಂಗಿಯ ಮದುವೆಗೆ ಗಂಡಹೆಂಡತಿ ಇಬ್ಬರೂ ಊರಿಗೆ ಹೊರಟಾಗ ಅವನು ಬೈಕಿನ ಕೀ ನನ್ನ ಕೈಗಿತ್ತ. “ನಿಂತಲ್ಲೇ ನಿಲ್ಲುವುದು ಬೇಡ, ಸ್ವಲ್ಪ ಓಡಿಸು ಮಾರಾಯ. ಆದ್ರೆ ಐವತ್ತರ ಮೇಲೆ ಹೋಗ್ಬೇಡ, ಆಯ್ತಾ?”

ಪವಾಯಿಯ ಆಫೀಸಿನ ಗೆಳೆಯರ ಮುಂದೆ ನನಗೆ ಮೆರೆಯಬೇಕಿತ್ತು — ಅಷ್ಟೇ, ಬೇರೆ ಕಾರಣವೇ ಇಲ್ಲ. ಹೈವೇಯಲ್ಲಿ ನೂರು ದಾಟಿಸಿದೆ. ಒಂದು ದಿನವಲ್ಲ, ನಾಲ್ಕು ದಿನ. ಕೊನೆಯ ದಿನ ಸುಟ್ಟ ವಾಸನೆ ಬಂತು. ಬಗ್ಗಿ ಇಂಜಿನ್ನಿನ ಪಕ್ಕದಲ್ಲಿ ಆಯಿಲ್ ಮಟ್ಟ ತೋರಿಸುವ ಗಾಜು ನೋಡಿದೆ. ಆಯಿಲ್ ಕೆಳಗಿನ ಗೆರೆಗೂ ಕೆಳಗಿತ್ತು.

ತಂದು ತುಂಬಿಸಬಹುದಿತ್ತು. ಆದರೆ ಗಾಡಿಯ ಪರಿಚಯವಿದ್ದ ಮೆಕ್ಯಾನಿಕ್ ಹೇಗಾಯಿತು ಎಂದು ಕೇಳಿದರೆ — ಅವನು ಸುಧಾಕರಣ್ಣನಿಗೆ ಹೇಳಿಬಿಟ್ಟರೆ — ಹೊಸ ಗಾಡಿ ಕುಡಿಯುವುದೇ ಇಷ್ಟಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ.

ಶನಿವಾರ ಅವರು ಬಂದರು. “ಆಯಿಲ್ ನೋಡಿದ್ಯಾ?”

“ಇವತ್ತೇ ನೋಡಿದೆ ಅಣ್ಣ. ಸರಿ ಉಂಟು.”

ನನ್ನ ಮಾತು ನಂಬಿ ಅವನು ಬಗ್ಗಿ ನೋಡಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರೂ ಮಾಟುಂಗದ ದೇವಸ್ಥಾನಕ್ಕೆ ಹೊರಟರು. ಅಂಧೇರಿಯ ಹತ್ತಿರ ಇಂಜಿನ್ ಜಾಮ್ ಆಗಿ ಹಿಂದಿನ ಚಕ್ರ ಕಚ್ಚಿಕೊಂಡಿತು. ಅವನ ಮೊಣಕಾಲು ತರಚಿತು. ಅಕ್ಕನ ತಲೆ ಡಿವೈಡರಿಗೆ —

ಅವಳು ಉಳಿದಳು. ಬಲಭಾಗ ಬಿದ್ದುಹೋಯಿತು, ಮಾತು ಹೋಯಿತು. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಅಷ್ಟೇ.

ಆಸ್ಪತ್ರೆಗೆ ಬಂದವರಿಗೆಲ್ಲ ಸುಧಾಕರಣ್ಣ ಒಂದೇ ಮಾತು ಹೇಳಿದ: “ತಪ್ಪು ನನ್ನದೇ. ಹೊಸ ಗಾಡಿ, ನಾನು ಆಯಿಲ್ ನೋಡ್ಲಿಲ್ಲ.” ನನ್ನನ್ನು ಕೇಳಿದ್ದನ್ನು ಒಮ್ಮೆಯೂ ಎತ್ತಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ಆಮೇಲೂ ನಿಂತೇ ಇದ್ದೆ — ಔಷಧಿ ತಂದುಕೊಟ್ಟೆ, ಅಕ್ಕನನ್ನು ಎತ್ತಿ ಕೂರಿಸಿದೆ. ಒಡಹುಟ್ಟಿದವನೂ ಇಷ್ಟು ಮಾಡುವುದಿಲ್ಲ ಎಂದ. ಅದನ್ನೂ ಕೇಳಿಸಿಕೊಂಡೆ.

ಹೋದ ತಿಂಗಳು ಹೇಳಿದೆ. ಅವನು ಅಕ್ಕನಿಗೆ ಗಂಜಿ ಉಣಿಸುತ್ತಿದ್ದ. ನೂರು ದಾಟಿಸಿದ್ದು, ಗಾಜು ನೋಡಿದ್ದು, ಸುಳ್ಳು — ಏನನ್ನೂ ಬಿಡಲಿಲ್ಲ.

ಅವನು ಅಕ್ಕನ ಬಾಯಿ ಒರೆಸಿದ. “ನನ್ನ ಮನಸ್ಸು ಹಗುರ ಆಗ್ಲಿ ಅಂತ ಹೇಳ್ತಿದ್ದೀಯ ನೀನು. ಗೊತ್ತಾಗ್ತದೆ ಮಾರಾಯ. ಆದ್ರೆ ಗಾಡಿ ಯಾರದ್ದು? ನೋಡ್ಬೇಕಾದವ ಯಾರು?”

“ದೇವರಾಣೆ ಅಣ್ಣ, ನಾನೇ —”

“ಸಾಕು. ಕೂತ್ಕೋ, ಚಾ ಮಾಡ್ತೇನೆ.”

ಅವನು ಒಳಗೆ ಹೋದ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ಆಮೇಲೆ ನಿಧಾನವಾಗಿ, ತುಂಬ ಕಷ್ಟಪಟ್ಟು, ಮುಖವನ್ನು ಗೋಡೆಯ ಕಡೆ ಹೊರಳಿಸಿದಳು.

ಆಮೇಲೂ ಎರಡು ಸಲ ಅವನಿಗೆ ಹೇಳಿದೆ. ನಂಬುವುದಿಲ್ಲ. ಇನ್ನೂ ಹೇಳುತ್ತೇನೆ, ನಂಬುತ್ತಾನೆಂಬ ಆಸೆಯಿಲ್ಲದೆ. ಈಗ ನಾನು ಒಳಗೆ ಕಾಲಿಟ್ಟ ಕೂಡಲೇ ಅಕ್ಕ ಗೋಡೆಗೆ ತಿರುಗುತ್ತಾಳೆ. ಬಾಗಿಲ ಬೆಳಕು ಅವಳ ಕಣ್ಣಿಗೆ ಹೊಡೆಯುತ್ತದೇನೋ ಎಂದು ಸುಧಾಕರಣ್ಣ ಎದ್ದು ಪರದೆ ಎಳೆಯುತ್ತಾನೆ.