ಅತ್ತರಿನ ಹತ್ತಿ

ಮದುವೆಯಾಗಿ ವಾಡಿ ಎಂಬ ಊರಿಗೆ ಬಂದ ಮೊದಲ ದಿನವೇ ಅತ್ತೆ ಮಾವ ಜಗಳಾಡುತ್ತಿದ್ದಾರೆ ಎಂದುಕೊಂಡು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಅಡುಗೆಮನೆಯಿಂದ ಅತ್ತೆ ಒದರಿದರು. ಪಡಸಾಲೆಯಿಂದ ಮಾವ ಅದಕ್ಕಿಂತ ಜೋರಾಗಿ ಒದರಿದರು. ನಡುವೆ ನನ್ನ ಗಂಡನ ದನಿಯೂ ಸೇರಿಕೊಂಡಿತು. ಸೊಸೆ ಹೊಸ್ತಿಲು ತುಳಿದ ದಿನವೇ ಈ ಪರಿ ರಂಪವೇ ಅನಿಸಿತು. ಆಮೇಲೆ ತಿಳಿಯಿತು, ಅವರು ಮಾತಾಡಿದ್ದು ಸಾರಿಗೆ ಉಪ್ಪು ಸಾಕೋ ಇನ್ನೊಂದಿಷ್ಟು ಬೇಕೋ ಎಂದು.

ಮಾವ ಸಿಮೆಂಟಿನ ಕಾರ್ಖಾನೆಯ ಮಿಲ್ಲಿನಲ್ಲಿ ದುಡಿದು ಮುದುಕರಾದವರು. ಮಿಲ್ಲು ಅಂದರೆ ನಮ್ಮ ಮನೆಗಿಂತ ದೊಡ್ಡದೊಂದು ಕಬ್ಬಿಣದ ಪೀಪಾಯಿ. ಅದರೊಳಗೆ ಉಕ್ಕಿನ ಗುಂಡುಗಳನ್ನು ತುಂಬಿ ಹಗಲೂ ರಾತ್ರಿ ತಿರುಗಿಸಿ ಕಲ್ಲನ್ನು ಹಿಟ್ಟು ಮಾಡುತ್ತಾರೆ. ಅಲ್ಲಿ ಪಕ್ಕದವನ ಮಾತು ಕೇಳಬೇಕಾದರೆ ಅವನು ಕಿವಿಗೆ ಬಾಯಿ ಹಚ್ಚಿ ಒದರಬೇಕು. ಮಾವನಿಗೆ ಕೊನೆಕೊನೆಗೆ ಒದರಿದರೂ ಕೇಳುತ್ತಿರಲಿಲ್ಲ. ಅವರಿಗೆ ಕೇಳಲೆಂದು ಅತ್ತೆ ಒದರುತ್ತಿದ್ದರು, ಅತ್ತೆಯ ದನಿಯನ್ನು ದಾಟಲೆಂದು ಮಗ ಒದರುತ್ತಿದ್ದರು. ನಮ್ಮ ಓಣಿಯ ತುಂಬ ಮಿಲ್ಲಿನವರ ಮನೆಗಳೇ. ಯಾರ ಮನೆಯಲ್ಲಿ ಏನು ಪಲ್ಯ, ಯಾರ ಅಳಿಯ ಸಿಟ್ಟು ಮಾಡಿಕೊಂಡು ಹೋದ, ಯಾರಿಗೆ ಹೊಟ್ಟೆ ಕಟ್ಟಿದೆ, ಎಲ್ಲವೂ ನಮ್ಮ ಬಾಗಿಲಲ್ಲಿ ನಿಂತರೆ ಕೇಳುತ್ತಿತ್ತು. ಗುಟ್ಟು ಅನ್ನುವ ಪದಾರ್ಥ ಆ ಓಣಿಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ.

ನಾನೋ ಆಡಕಿ ಎಂಬ ಹಳ್ಳಿಯ ಹೊಲಮನೆಯವಳು. ಹೆಣ್ಣುಮಕ್ಕಳ ಮಾತು ಹೊಸ್ತಿಲು ದಾಟಬಾರದು ಎಂದು ನಮ್ಮವ್ವ ನನ್ನ ದನಿಯನ್ನು ಚಿಕ್ಕಂದಿನಲ್ಲೇ ಅಮುಕಿಬಿಟ್ಟಿದ್ದಳು. ದನಿ ಸಣ್ಣದಾಯಿತೇ ಹೊರತು ನಾಲಿಗೆ ಸಣ್ಣದಾಗಲಿಲ್ಲ. ನಮ್ಮಪ್ಪ ಒಮ್ಮೆ ನನ್ನನ್ನು ನೋಡಲೆಂದು ಸೇಡಂನಲ್ಲಿ ರೈಲು ಹತ್ತಿ, ಚಿತ್ತಾಪುರ ದಾಟಿ, ತೊಗರಿಬೇಳೆಯ ಗಂಟು ಹೊತ್ತುಕೊಂಡು ಬಂದ. ಮಾವ ಖುಷಿಯಿಂದ ಎದ್ದು ನಿಂತು, “ಬರ್ರಿ ಬೀಗರ! ಯಾಕ ಹೊತಗೊಂಡು ಬಂದ್ರಿ ಇದೆಲ್ಲ? ಕುಂದ್ರಿ!” ಎಂದು ಅಬ್ಬರಿಸಿದರು. ಅಪ್ಪ ಗಂಟು ಇಳಿಸದೆ ಬಾಗಿಲಲ್ಲೇ ನಿಂತು, “ಯವ್ವಾ, ನಾ ಏನರ ತಪ್ಪ ಮಾಡೀನೇನು?” ಎಂದು ನನ್ನ ಕಿವಿಯಲ್ಲಿ ಕೇಳಿದ. ಮೈಸೂರು ರಾಜ್ಯ ಹೋಗಿ ಕರ್ನಾಟಕವಾದ ಸುದ್ದಿ ರೇಡಿಯೋದಲ್ಲಿ ಬಂದಾಗ ಅದನ್ನು ಮಾವನಿಗೆ ಮುಟ್ಟಿಸುವಷ್ಟರಲ್ಲಿ ಅತ್ತೆಯ ಗಂಟಲು ಕಟ್ಟಿತು. ಕೊನೆಗೆ ಮಾವ ಕೇಳಿದ್ದು ಒಂದೇ ಮಾತು: “ಮಿಲ್ಲು ಬಂದ್ ಆಗಂಗಿಲ್ಲಲ್ಲ?”

ಇಂಥ ಮನೆಯಲ್ಲಿ ನಮ್ಮವರಿಗೂ, ಅಂದರೆ ನನ್ನ ಗಂಡನಿಗೂ, ಕಿವಿ ಮಂದವಾಗುತ್ತಿದೆ ಎಂದು ನನಗೆ ತಿಳಿಯಲು ಬಹಳ ದಿನ ಬೇಕಾಯಿತು. ಅವರೂ ಅದೇ ಮಿಲ್ಲಿಗೆ ಹೋಗುತ್ತಿದ್ದರು. ಕಟ್ಟಿಗೆ ಮುಗಿದಿದೆ ಎಂದರೆ “ಹೂಂ” ಅನ್ನುವರು, ಕಟ್ಟಿಗೆ ಬರುತ್ತಿರಲಿಲ್ಲ. ತವರಿಗೆ ಹೋಗಬೇಕು ಎಂದರೆ “ಹೂಂ” ಅನ್ನುವರು, ಟಾಂಗಾ ಬರುತ್ತಿರಲಿಲ್ಲ. ಹೆಂಡತಿಯ ಮಾತು ಗಂಡನ ಕಿವಿಗೆ ಬೀಳದಿದ್ದರೆ ಅದು ಬೇನೆ ಎಂದು ಯಾವ ಹೆಂಗಸಿಗೆ ತಾನೆ ಹೊಳೆದೀತು? ನಮ್ಮಪ್ಪನೂ ಹಾಗೇ ಇದ್ದ, ನಮ್ಮ ಕಾಕಾನೂ ಹಾಗೇ ಇದ್ದ. ಅವರಿಬ್ಬರೂ ಮಿಲ್ಲಿನ ಮುಖವನ್ನೇ ಕಂಡವರಲ್ಲ.

ಒಂದು ದಿನ ಸಂಶಯ ಬಂದು ಪರೀಕ್ಷೆ ಮಾಡಿದೆ. ಪಾಳಿ ಮುಗಿಸಿ ಬಂದವರು ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಬೆನ್ನ ಹಿಂದೆ ನಿಂತು, “ನಿಮ್ಮ ಮೀಸಿ ಒಂದು ಕಡಿ ಮ್ಯಾಲ, ಒಂದು ಕಡಿ ಕೆಳಗ ಆಗ್ಯಾದ್ರಿ,” ಎಂದೆ.

“ಹೂಂ.”

“ಹಿತ್ತಲದಾಗ ಹುಲಿ ಬಂದು ಕುಂತದ್ರಿ.”

“ಹೂಂ. ಚಾ ಮಾಡು.”

ನಗು ತಡೆಯಲಾರದೆ ಒಳಗೆ ಓಡಿಹೋದೆ. ಆಮೇಲೆ ನನಗೆ ಅದೊಂದು ಚಟವೇ ಆಯಿತು. ಮೀಸೆ, ಗೊರಕೆ, ಅವರ ತಂಗಿಯ ಗಂಡನ ಗತ್ತು, ಒಂದನ್ನೂ ಬಿಡದೆ ಬೆನ್ನ ಹಿಂದೆ ನಿಂತು ಹೇಳಿ ಎದೆ ಹಗುರ ಮಾಡಿಕೊಳ್ಳುತ್ತಿದ್ದೆ. ಅಂಥ ಸುಖ ಎಷ್ಟು ಸೊಸೆಯಂದಿರಿಗೆ ಸಿಗುತ್ತದೆ ಹೇಳಿ.

ನಗು ನಿಂತದ್ದು ನಾನು ಬಸುರಿಯಾದಾಗ. ಎಲ್ಲರಿಗಿಂತ ಮೊದಲು ಅವರಿಗೇ ಹೇಳಬೇಕೆಂದು ಆಸೆಪಟ್ಟು ದಿನವಿಡೀ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಕಾದಿದ್ದೆ. ಅವರು ಪಾಳಿ ಮುಗಿಸಿ ಬಂದು ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದರು. ಟವೆಲ್ ಹಿಡಿದು ಬಾಗಿಲಲ್ಲಿ ನಿಂತೆ. ಮುಖ ನೋಡಿ ಹೇಳಲು ನಾಚಿಕೆ, ಬೆನ್ನಿಗೇ ಹೇಳಿದೆ: “ಏನ್ರಿ, ಮನ್ಯಾಗ ತೊಟ್ಟಿಲ ಕಟ್ಟೋದು ಅದ.”

“ಹೂಂ,” ಎಂದರು. “ಟವೆಲ್ ತಾ.”

ಟವೆಲ್ ಕೊಟ್ಟು ಬಂದು ಒಲೆಯ ಮುಂದೆ ಕುಳಿತು ಅಳತೊಡಗಿದೆ, ಅಂಥ ಅಳು ಮದುವೆಯ ದಿನವೂ ಬಂದಿರಲಿಲ್ಲ. ಒದರಿ ಹೇಳಬಹುದಿತ್ತು. ಆದರೆ ಅಂಥ ಮಾತನ್ನು ಒದರುವುದೆಂದರೆ ಅವರಿಗಿಂತ ಮೊದಲು ಓಣಿಗೆ ಹೇಳಿದಂತೆ. ಪಡಸಾಲೆಯಲ್ಲಿ ಅತ್ತೆ ಏನೋ ಕೇಳಿದರು, ಮಾವ “ಹೂಂ” ಎಂದರು. ಅಪ್ಪನದೂ ಮಗನದೂ ಒಂದೇ ಹೂಂ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ನಾಳೆ ಈ ಕೂಸು ತೊದಲಿದರೆ ಅದರಪ್ಪನಿಗೆ ಕೇಳುವುದಿಲ್ಲ, ನಾನೂ ಅತ್ತೆಯ ಹಾಗೆ ಒದರಿಕೊಂಡೇ ಬಾಳಬೇಕು. ಮೆಲ್ಲಗೆ ಆಡಬೇಕಾದ ಮಾತುಗಳೆಲ್ಲ ನನ್ನೊಳಗೇ ಉಳಿದುಹೋಗುತ್ತವೆ. ನೀವು ಮಾವನ ಹತ್ತಿರ ಮೆಲ್ಲಗೆ ಮಾತಾಡಿದ್ದು ನೆನಪಿದೆಯೇ ಎಂದು ಅತ್ತೆಯನ್ನು ಒಮ್ಮೆ ಕೇಳಿದ್ದೆ. ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಯೋಚಿಸಿ, “ಇಲ್ಲವ್ವ,” ಎಂದಿದ್ದರು.

ಎರಡು ದಿನಕ್ಕೆ ನನ್ನ ವಾಂತಿ ಕಂಡು ಅತ್ತೆಗೇ ತಿಳಿಯಿತು. ತಿಳಿದ ಮೇಲೆ ಮಾವನಿಗೆ ಹೇಳದೆ ಇರುತ್ತಾರೆಯೇ?

“ಸೊಸಿ ಬಸರ ಆಗ್ಯಾಳ್ರೀ!”

“ಯಾರ ಸೊಸಿ?”

“ನಮ್ಮ ಸೊಸಿ!”

ಪಾಳಿ ಬಿಡುವ ಭೋಂಗಾ ಕೂಗುವಷ್ಟರಲ್ಲಿ ಸುದ್ದಿ ಕಾರ್ಖಾನೆಯ ಗೇಟು ಮುಟ್ಟಿತ್ತು. ನಮ್ಮವರು ಜಿಲೇಬಿಯ ಪೊಟ್ಟಣ ಹಿಡಿದು ಮನೆಗೆ ಬಂದರು. ಮುಖ ಮಾತ್ರ ಸಪ್ಪಗಿತ್ತು. “ಊರಿಗೆಲ್ಲ ಗೊತ್ತಾದ ಮ್ಯಾಲ ನನಗ ಗೊತ್ತಾತು. ನನಗ ಯಾಕ ಹೇಳಲಿಲ್ಲ ನೀ?” ಎಂದರು.

ನಾನು ಅವರೆದುರು ನಿಂತು ಜೀವನದಲ್ಲಿ ಮೊದಲ ಸಲ ಒದರಿದೆ. “ಎಲ್ಲರಿಗಿಂತ ಮೊದಲ ನಿಮಗೇ ಹೇಳೀನ್ರಿ! ಹೂಂ ಅಂದ್ರಿ. ಟವೆಲ್ ಕೇಳಿದ್ರಿ!”

ಅವರು ಕಟ್ಟೆಯ ಮೇಲೆ ಕುಳಿತುಬಿಟ್ಟರು. ಆಮೇಲೆ, “ಮಿಲ್ಲಿನಿಂದ ಬಂದ ಮ್ಯಾಲ ಕಿವಿಯೊಳಗ ಗುಂಯ್ ಅಂತಿರ್ತದ,” ಎಂದರು. “ಯಾರು ಏನಂದ್ರೂ ತಿಳಿಯಂಗಿಲ್ಲ. ತಿಳಿದಂಗ ಹೂಂ ಅಂತೀನಿ.” ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಇಳಿಯಿತು. ಅಷ್ಟರಲ್ಲಿ ಮಾವ ಜಿಲೇಬಿಯ ಪೊಟ್ಟಣ ಬಿಚ್ಚಿ ಅರ್ಧ ಮುಗಿಸಿದ್ದರು.

ಮರುದಿನ ಇಬ್ಬರೂ ಕಾರ್ಖಾನೆಯ ದವಾಖಾನೆಗೆ ಹೋದೆವು. ಕಂಪೌಂಡರರು ಕಿವಿ ನೋಡಿ, “ಹೋದದ್ದು ತಿರುಗಿ ಬರಂಗಿಲ್ಲ, ಇದ್ದದ್ದು ಉಳಸ್ಕೋಬೋದು,” ಎಂದರು. “ಮಿಲ್ಲಿಗೆ ಹೋಗೋವಾಗ ಹತ್ತಿಗೆ ಎಣ್ಣಿ ಹಚ್ಚಿ ಎರಡೂ ಕಿವಿಗೆ ಗಟ್ಟಿ ಇಟಗೋರಿ, ಆ ಗುಂಯ್ ಅನ್ನೋದು ಇಳಿದು ಇದ್ದ ಕಿವಿ ನೆಟ್ಟಗ ಕೇಳ್ತದ. ಅದಕ್ಕಂತನೇ ವಾರಾ ವಾರಾ ಹತ್ತಿ ಕೊಡ್ತೀವಲ್ಲ, ಏನು ಮಾಡ್ತೀರಿ ಅದನ್ನ?”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದು ಕಿವಿಯ ಹತ್ತಿ ಎಂದು ನನಗೆ ಆಗಲೇ ಗೊತ್ತಾದದ್ದು. ಅತ್ತೆ ಅದನ್ನು ಹೊಸೆದು ದೇವರ ದೀಪಕ್ಕೆ ಬತ್ತಿ ಮಾಡುತ್ತಿದ್ದರು. ಓಣಿಯ ಎಲ್ಲ ಮನೆಗಳಲ್ಲೂ ಅದೇ. ಕಾರ್ಖಾನೆಯವರು ದೈವಭಕ್ತರು, ದೀಪಕ್ಕೆಂದು ಹತ್ತಿ ಹಂಚುತ್ತಾರೆ ಎಂದು ಅತ್ತೆ ಎಲ್ಲರೆದುರು ಹೊಗಳುತ್ತಿದ್ದರು. ನಮ್ಮ ಓಣಿಯ ದೇವರುಗಳಷ್ಟು ಬಿಳಿಯ ಬತ್ತಿ ಕಂಡ ದೇವರು ಸುತ್ತಮುತ್ತ ಬೇರೆ ಇರಲಿಕ್ಕಿಲ್ಲ.

ಕಿವಿಗೆ ಇಡೋಣ ಎಂದಾಗ ನಿಜವಾದ ಗದ್ದಲ ಎದ್ದಿತು. “ಹೆಣದ ಕಿವಿಗೆ, ಮೂಗಿಗೆ ಇಡ್ತಾರ ಹತ್ತಿ!” ಎಂದು ಅತ್ತೆ ಎದೆ ಬಡಿದುಕೊಂಡರು. “ಬದುಕಿರೋ ಮಗನ ಕಿವ್ಯಾಗ ತುರುಕ್ತೀಯೇನ? ಅದೂ ಹೊಟ್ಟ್ಯಾಗ ಕೂಸು ಇಟಗೊಂಡು?” ನಮ್ಮವರೂ ಒಳಗೊಳಗೇ ಅಳುಕಿದರು. ಹಿಂದೆ ಯಾರೋ ಒಬ್ಬರು ಹತ್ತಿ ಇಟ್ಟುಕೊಂಡು ಮಿಲ್ಲಿಗೆ ಹೋದದ್ದಕ್ಕೆ, ಹೆಣ ಎದ್ದು ಬಂತು ಎಂದು ಉಳಿದವರು ದೂರ ಸರಿದು ಕೈ ಮುಗಿದಿದ್ದರಂತೆ. ಅಲ್ಲಿಗೆ ಆ ಮನುಷ್ಯನ ಹತ್ತಿಯೂ ದೀಪಕ್ಕೆ ಹೋಯಿತು. ಕಿವುಡಾದರೂ ಸರಿ, ಹೆಣ ಅನ್ನಿಸಿಕೊಳ್ಳಬಾರದು ಎಂಬ ಹಟ ಎಲ್ಲರದು.

ನಾನು ತಲೆ ಕೆಡಿಸಿಕೊಂಡು ಕುಳಿತಿದ್ದ ಒಂದು ಶುಕ್ರವಾರ ಬಾಜೂ ಮನೆಯ ಟೇಲರ್ ಸಾಹೇಬರು ನಮಾಜಿಗೆ ಹೊರಟದ್ದು ಕಂಡೆ. ಬಿಳಿ ಬಟ್ಟೆ, ತಲೆಯ ಮೇಲೆ ಟೋಪಿ, ಕಿವಿಯ ಮಡಿಕೆಯಲ್ಲಿ ಅತ್ತರು ಹಚ್ಚಿದ ಪುಟ್ಟ ಹತ್ತಿ. ವಾರ ವಾರ ಕಾಣುತ್ತಿದ್ದದ್ದೇ, ಅವತ್ತು ಮಾತ್ರ ಕಣ್ಣಿಗೆ ಬಿತ್ತು. ಅವರನ್ನು ನೋಡಿ ಯಾರಿಗೂ ಹೆಣ ನೆನಪಾಗುವುದಿಲ್ಲವಲ್ಲ! ಓಡಿಹೋಗಿ ಅವರ ಹೆಂಡತಿಯನ್ನು ಕೇಳಿದೆ. ನಾನು ಅವರನ್ನು ಅವರ ಮಾತಿನಲ್ಲೇ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ.

ಖಾಲಾ ನಕ್ಕು, “ನಮ್ಮವರು ನಿಕಾ ಆದ ದಿನದಿಂದ ಇಡ್ತಾರ ಬೇಟಿ. ನೋಡು, ಇನ್ನಾ ಹೆಂಗ ಗಟ್ಟಿ ಇದ್ದಾರ,” ಎಂದರು. ಪೆಟ್ಟಿಗೆಯಿಂದ ಲಾವಂಚದ ಬೇರಿನ ಖಸ್ ಅತ್ತರಿನ ಪುಟ್ಟ ಶೀಶೆ ತೆಗೆದು ಕೈಯಲ್ಲಿಟ್ಟರು. ಕೊಬ್ಬರಿ ಎಣ್ಣೆಗೆ ಒಂದು ಹನಿ ಬೆರೆಸಿದರೆ ಸಾಕು, ಮಡಿಕೆಯಲ್ಲಿ ಇಡುವ ಬದಲು ತುಸು ದಪ್ಪ ಮಾಡಿ ಒಳಗೆ ಒತ್ತು ಎಂದರು.

ಮರುದಿನ ಅತ್ತೆ ನಮ್ಮವರ ಹತ್ತಿರ ಹಾಯ್ದು ಮೂಗರಳಿಸಿ, “ಎಲ್ಲಿ ಮದುವಿ ಅದನೋ?” ಎಂದರು. ಕಿವಿಯಲ್ಲಿದ್ದದ್ದು ಅದೇ ದವಾಖಾನೆಯ ಹತ್ತಿ, ಆದರೆ ಅತ್ತರು ಹತ್ತಿದ ಮೇಲೆ ಅವರಿಗೆ ಅದು ಶುಭದ ಹತ್ತಿಯಾಗಿತ್ತು. ಮಿಲ್ಲಿನಲ್ಲಿ ಎಲ್ಲರೂ “ಬರ್ರಿ ಮದಿಮಗ!” ಎಂದು ಕಾಡಿದರಂತೆ. ಹೆಣ ಅಂದರೆ ಸಿಟ್ಟಾಗುತ್ತಿದ್ದ ಮನುಷ್ಯ ಮದುಮಗ ಅಂದರೆ ಬೇಡ ಅನ್ನುತ್ತಾರೆಯೇ? ಮೂರನೆಯ ದಿನ ತಾವೇ ಶೀಶೆ ಹುಡುಕತೊಡಗಿದರು, ಮೀಸೆಗೂ ಒಂದಿಷ್ಟು ಸವರಿಕೊಂಡರು.

ಬರುಬರುತ್ತಾ ಓಣಿಯ ಹೆಂಗಸರು ಬಟ್ಟಲು ಹಿಡಿದು ನಮ್ಮ ಬಾಗಿಲಿಗೆ ಬಂದರು. ಸಿಮೆಂಟಿನ ಧೂಳಿನ ಓಣಿ ಬೆಳಗಿನ ಪಾಳಿಯ ಹೊತ್ತಿಗೆ ಖಸ್ ಪರಿಮಳದಲ್ಲಿ ಮುಳುಗುತ್ತಿತ್ತು. ಒಬ್ಬಾಕೆ ಮಾತ್ರ, ತನ್ನ ಗಂಡ ಅತ್ತರು ಹಚ್ಚಿಕೊಂಡು ಎಲ್ಲಿಗೆ ಹೋಗುತ್ತಾನೆ ಎಂದು ಗೇಟಿನ ತನಕ ಬೆನ್ನು ಹತ್ತಿ ನೋಡಿಬಂದಳು. ಬತ್ತಿಗೆ ಹತ್ತಿಯಿಲ್ಲದಂತಾಗಿ ಅತ್ತೆ ಅಂಗಡಿಯಿಂದ ತರಿಸಬೇಕಾಯಿತು, ಅದಕ್ಕೆ ನನಗೆ ದಿನವೂ ಎರಡು ಮಾತು ಬೀಳುತ್ತಿದ್ದವು. ಒಂದು ದಿನ ಮಾವನೂ ಕಿವಿ ತೋರಿಸಿ, “ನನಗೂ ಇಡವ್ವ,” ಎಂದರು. “ಇನ್ನೇನು ಉಳದದಂತ ಇಟಗೋತೀರಿ?” ಎಂದು ಅತ್ತೆ ಒದರಿದರು. ಮಾವನಿಗೆ ಅದೂ ಕೇಳಲಿಲ್ಲ. ನಾನು ಎರಡೂ ಕಿವಿಗೆ ಹತ್ತಿ ಇಟ್ಟೆ. ಸಂಜೆಯ ತನಕ ಅವರು ಕಟ್ಟೆಯ ಮೇಲೆ ಆ ವಾಸನೆ ಎಳೆದುಕೊಳ್ಳುತ್ತಾ ಕುಳಿತಿದ್ದರು.

ಮಗಳು ಹುಟ್ಟಿದಳು, ಓಣಿಯ ದನಿಯನ್ನೇ ಕಲಿತಳು. ನಮ್ಮವರ ಕಿವಿ ಎಷ್ಟು ಉಳಿದಿದೆ ಎಂದು ನನಗೆ ಖಾತ್ರಿಯಾಗಿ ತಿಳಿಯುತ್ತಲೇ ಇರಲಿಲ್ಲ, ಯಾಕೆಂದರೆ ಮಗಳ ಅಳು ಸ್ಟೇಷನ್ನಿನಲ್ಲಿ ನಿಂತವರಿಗೂ ಕೇಳುತ್ತಿತ್ತು. ಪರೀಕ್ಷೆ ಮಾಡಲು ನನಗೇ ಧೈರ್ಯವಿರಲಿಲ್ಲ. ಬೆನ್ನ ಹಿಂದೆ ಗೊಣಗುವ ಚಟವನ್ನಂತೂ ನಾನು ಬಿಟ್ಟಿರಲಿಲ್ಲ.

ಅವಳು ಅಂಗಳದಲ್ಲಿ ಓಡಾಡುವ ಕಾಲಕ್ಕೆ ಒಂದು ಮಧ್ಯಾಹ್ನ ನಮ್ಮವರು ಪಾಳಿ ಮುಗಿಸಿ ಬಂದರು. ಕಿವಿಯ ಹತ್ತಿ ತೆಗೆದು ಗೋಡೆಯ ಗೂಡಿನಲ್ಲಿಟ್ಟು, ಬಚ್ಚಲಿಗೆ ಹೋಗಿ ಕಾಲು ತೊಳೆಯತೊಡಗಿದರು. ನಾನು ಟವೆಲ್ ಹಿಡಿದು ಅದೇ ಬಾಗಿಲಲ್ಲಿ ನಿಂತೆ. ಒದರಿಬಿಡಲೇ ಎಂದು ಒಮ್ಮೆ ಅನಿಸಿತು. ಬೇಡವೆಂದು ನನ್ನ ದನಿಯಲ್ಲೇ, ಬೆನ್ನಿಗೇ ಹೇಳಿದೆ: “ಏನ್ರಿ, ತೊಟ್ಟಿಲ ಮತ್ತ ಕಟ್ಟೋದು ಅದ.”

“ಹೂಂ,” ಎಂದರು.

ಇಷ್ಟು ದಿನದ ಎಣ್ಣೆ, ಅತ್ತರು ಎಲ್ಲ ನೀರುಪಾಲಾಯಿತು ಎಂದುಕೊಂಡು ಟವೆಲ್ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ತಂಬಿಗೆ ಕೆಳಗಿಟ್ಟು, ಒದ್ದೆ ಕಾಲಲ್ಲೇ ಬಂದು, ಪಡಸಾಲೆಯ ಕಡೆ ಒಮ್ಮೆ ಇಣುಕಿ ನನ್ನ ಕಿವಿಯ ಹತ್ತಿರ ಬಗ್ಗಿದರು. ಆ ಮನೆಯಲ್ಲಿ ಹುಟ್ಟಿ ಬೆಳೆದ ಮನುಷ್ಯ ಪಿಸುಗುಟ್ಟಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

“ಅವ್ವಗ ಈಗ ಹೇಳಬ್ಯಾಡ. ಸ್ವಲ್ಪ ಹೊತ್ತು ನಮ್ಮಿಬ್ಬರೊಳಗ ಇರಲಿ,” ಎಂದರು. ಆಮೇಲೆ ಟವೆಲ್ ತೆಗೆದುಕೊಂಡು ಅಷ್ಟೇ ಮೆಲ್ಲಗೆ, “ಮುಂಜಾನಿ ನೀ ನನ್ನ ಮೀಸಿಗೆ ಅಂದದ್ದೂ ಕೇಳ್ಯಾದ,” ಎಂದರು.

ಸಂಜೆ ಅತ್ತೆ ದೀಪ ಹಚ್ಚುವ ತನಕ ಆ ಮಾತು ನಮ್ಮಿಬ್ಬರಲ್ಲೇ ಉಳಿಯಿತು. ನಮ್ಮ ಓಣಿಯಲ್ಲಿ ಅಷ್ಟು ಹೊತ್ತು ಉಳಿದ ಗುಟ್ಟು ಅದೊಂದೇ.